ಶಾಂತವೇರಿ ಗೋಪಾಲಗೌಡರು, ಕಾಗೋಡು, ಗೇಣಿ ಭೂಮಿ: ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಬಂತೆಂದರೆ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಗೋಪಾಲಗೌಡರ ಹೆಸರು ಮತ್ತೆ ಕೇಳಿಬರುತ್ತದೆ. ಸಭೆ ಮುಗಿದ ಮೇಲೆ ಕಾಫಿ ಕುಡಿಯುತ್ತಾ ನಿಂತಾಗ, ಶಾಲೆಗಳಿಗೆ ಮಾತಾಡಲು ಹೋದಾಗ, ಆಮೇಲೆ ಬರುವ ಪತ್ರಗಳಲ್ಲಿ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳಿದವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಇದೆ, ಅದನ್ನು ಮುಚ್ಚಿಟ್ಟಿಲ್ಲ.

## ಮೊದಲಿಗೆ

ಗೋಪಾಲಗೌಡ್ರು ಅಂದ್ರೆ ಯಾರು ಸರ್? ನಮಗೆ ಶಿವಮೊಗ್ಗದ ಬಡಾವಣೆ ಹೆಸರು ಅಂತ ಮಾತ್ರ ಗೊತ್ತು.

ಆ ಬಡಾವಣೆಗೆ ಹೆಸರು ಕೊಟ್ಟವರೇ. ಬೆಂಗಳೂರಿನಲ್ಲಿ ವಿಧಾನಸೌಧದ ಪಕ್ಕದ ವೃತ್ತಕ್ಕೂ ಅವರದೇ ಹೆಸರು. ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದಲ್ಲಿ. ವಿದ್ಯಾರ್ಥಿಯಾಗಿದ್ದಾಗ 1942ರ ಚಳವಳಿಗೆ ಧುಮುಕಿ ಜೈಲು ಕಂಡರು. ಸ್ವಾತಂತ್ರ್ಯ ಬಂದ ಮೇಲೆ ರಾಮಮನೋಹರ ಲೋಹಿಯಾ ಅವರ ಸಮಾಜವಾದಿ ದಾರಿ ಹಿಡಿದರು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿಗೆ ಉಳುತ್ತಿದ್ದವರು 1951ರಲ್ಲಿ ನಡೆಸಿದ ಸತ್ಯಾಗ್ರಹ ಅವರನ್ನು ಮಲೆನಾಡಿನ ಮನೆಮನೆಗೆ ಪರಿಚಯಿಸಿತು. ಮೂರು ಸಲ ಶಾಸಕರಾದರು: 1952ರಲ್ಲಿ ಸಾಗರ–ಹೊಸನಗರದಿಂದ, 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ. ನಡುವಿನ 1957ರಲ್ಲಿ ಸೋಲು. ದೀರ್ಘಕಾಲದ ಅನಾರೋಗ್ಯದ ನಂತರ 1972ರ ಜೂನ್ 9ರಂದು ತೀರಿಕೊಂಡಾಗ ಐವತ್ತು ತುಂಬಿರಲಿಲ್ಲ.

ಸುಪ್ರೀಂ ಕೋರ್ಟಿನ ಗೋಪಾಲಗೌಡ್ರೂ ಇವರೂ ಒಬ್ಬರೇನಾ?

ಅಲ್ಲ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಿದ್ದವರು ವಿ. ಗೋಪಾಲಗೌಡರು, ಬೇರೆಯವರು. ಹೆಸರು ಒಂದೇ ಆದ್ದರಿಂದ ಆಹ್ವಾನ ಪತ್ರಿಕೆಯಲ್ಲಿ ಫೋಟೊ ಅದಲುಬದಲಾಗುವುದುಂಟು. ಅಚ್ಚಿಗೆ ಕೊಡುವ ಮುಂಚೆ ಒಮ್ಮೆ ನೋಡಿಕೊಳ್ಳಿ.

ಅವರು ಯಾವ ಖಾತೆ ಮಂತ್ರಿ ಆಗಿದ್ರು?

ಯಾವ ಖಾತೆಯೂ ಇಲ್ಲ. ಕೂತಿದ್ದೆಲ್ಲ ವಿರೋಧ ಪಕ್ಷದ ಸಾಲಿನಲ್ಲಿ. ಈ ಪ್ರಶ್ನೆ ಕೇಳಿದ ಹುಡುಗರಿಗೆ ಉತ್ತರ ಕೇಳಿ ಸ್ವಲ್ಪ ನಿರಾಸೆಯಾಗುತ್ತದೆ, ಮುಖದಲ್ಲೇ ಕಾಣುತ್ತದೆ. ಅಧಿಕಾರ ಸಿಕ್ಕಿದ್ದು ಅವರ ಸುತ್ತ ಬೆಳೆದವರಿಗೆ. 1967ರಲ್ಲಿ ಸಮಾಜವಾದಿಗಳಾಗಿ ಸೊರಬದಿಂದ ವಿಧಾನಸಭೆಗೆ ಹೋದ ಎಸ್. ಬಂಗಾರಪ್ಪ, ಅದೇ ವರ್ಷ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲೇ ಮಾತಾಡಿದ ಜೆ.ಎಚ್. ಪಟೇಲ್ ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು. ಸತ್ಯಾಗ್ರಹ ನಡೆದ ಊರಿನವರೇ ಆದ ಕಾಗೋಡು ತಿಮ್ಮಪ್ಪನವರು ವಿಧಾನಸಭಾಧ್ಯಕ್ಷರೂ ಕಂದಾಯ ಸಚಿವರೂ ಆದರು.

‘ಒಂದು ವೋಟು, ಒಂದು ನೋಟು’ ಅಂದ್ರೆ ದುಡ್ಡು ಹಂಚೋದಾ?

ಉಲ್ಟಾ. ಈಗಿನ ಮಕ್ಕಳಿಗೆ ಹಾಗೆ ಕೇಳಿಸುವುದರಲ್ಲಿ ಆಶ್ಚರ್ಯವೇನಿಲ್ಲ. ಮತ ಕೊಡುವವರೇ ಕೈಲಾದ ಒಂದು ನೋಟನ್ನೂ ಕೊಟ್ಟು ಅಭ್ಯರ್ಥಿಯನ್ನು ಕಳಿಸುವುದು ಅದರ ಅರ್ಥ. ಮೊದಲ ಚುನಾವಣೆಯಲ್ಲಿ ಗೋಪಾಲಗೌಡರಿಗೆ ಮೂವತ್ತು ವರ್ಷವೂ ಆಗಿರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ, ಎದುರಿಗೆ ಆಳುವ ಕಾಂಗ್ರೆಸ್. ಗೇಣಿದಾರರು ಚಿಲ್ಲರೆ ಕೂಡಿಸಿ ಗೆಲ್ಲಿಸಿದರು. ಹಣ ಕೊಟ್ಟವನಿಗೆ ಶಾಸಕನ ಹತ್ತಿರ ಲೆಕ್ಕ ಕೇಳುವ ಧೈರ್ಯ ಇರುತ್ತದೆ, ಹಣ ತಗೊಂಡವನಿಗೆ ಆ ಧೈರ್ಯ ಎಲ್ಲಿಂದ ಬರಬೇಕು?

## ಕಾಗೋಡಿನ ವಿಷಯ

ಒಂದು ಕೊಳಗಕ್ಕೋಸ್ಕರ ಅಷ್ಟು ದೊಡ್ಡ ಗಲಾಟೆ ಆಯ್ತಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗದ್ದೆ ಒಡೆಯರದು, ಉಳುವವರು ದೀವರು ಎಂಬ ಸಮುದಾಯದವರು. ಸುಗ್ಗಿ ಮುಗಿದ ಮೇಲೆ ಗೇಣಿ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡಬೇಕು. ಅಳೆಯುವ ಕೊಳಗ ಒಡೆಯರ ಮನೆಯದು. ರೂಢಿಯ ಕೊಳಗ ಮೂರು ಸೇರಿನದು, ಇವರದು ಅದಕ್ಕಿಂತ ದೊಡ್ಡದು ಎನ್ನುವುದು ಗೇಣಿದಾರರ ದೂರು.

ಲೆಕ್ಕ ಹಾಕಿ ನೋಡಿ. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗಕ್ಕೆ ಅರ್ಧ ಸೇರು ಹೆಚ್ಚು ಹಿಡಿದರೆ ಖಂಡುಗಕ್ಕೆ ಹತ್ತು ಸೇರು ಹೆಚ್ಚಾಯಿತು. ಐದು ಖಂಡುಗ ಗೇಣಿ ಕೊಡುವ ಮನೆಯಿಂದ ಐವತ್ತು ಸೇರು ಭತ್ತ ಲೆಕ್ಕಕ್ಕೆ ಸಿಗದೆ ಹೋಯಿತು. ಆಷಾಢದ ಮಳೆಯಲ್ಲಿ ಕಣಜದ ತಳ ಕೆರೆಯುವ ಮನೆಗೆ ಐವತ್ತು ಸೇರು ಎಂದರೆ ಎಷ್ಟು ದಿನದ ಗಂಜಿ ಎನ್ನುವುದನ್ನು ಅಡುಗೆ ಮಾಡುವವರನ್ನೇ ಕೇಳಬೇಕು. ಮೇಲಿಂದ, ಬಾಯಿ ಮಟ್ಟಕ್ಕೆ ಕೈ ಎಳೆದು ಅಳೆಯುವುದೋ ರಾಶಿ ಏರಿಸಿ ಅಳೆಯುವುದೋ ಎಂಬುದೂ ಅಳೆಯುವವನ ಕೈಯಲ್ಲೇ ಇತ್ತು. ನಮ್ಮಲ್ಲಿ ಅಳೆಯುವಾಗ ‘ಒಂದು’ ಅನ್ನುವುದಿಲ್ಲ, ‘ಲಾಭ’ ಅನ್ನುತ್ತಾರೆ, ಆಮೇಲೆ ಎರಡು, ಮೂರು. ಯಾರ ಲಾಭ ಎಂದು ಕಣದಲ್ಲಿ ನಿಂತವರಿಗೆಲ್ಲ ಗೊತ್ತಿತ್ತು.

ಕೊಳಗದ ಜೊತೆ ಇನ್ನೂ ಎರಡು ಸಂಗತಿ ಇದ್ದವು. ಕೊಟ್ಟ ಗೇಣಿಗೆ ರಸೀದಿ ಇಲ್ಲ. ರಸೀದಿ ಇಲ್ಲದಿದ್ದರೆ ‘ನೀನು ಕೊಟ್ಟೇ ಇಲ್ಲ’ ಎಂದು ಒಕ್ಕಲೆಬ್ಬಿಸುವುದು ಸುಲಭ. ಮತ್ತೊಂದು ಬಿಟ್ಟಿ ಚಾಕರಿ, ಒಡೆಯರ ಮನೆಯ ಕೆಲಸಕ್ಕೆ ಕರೆದಾಗ ಕೂಲಿ ಇಲ್ಲದೆ ಹೋಗಬೇಕು. ಆದ್ದರಿಂದ ಗೇಣಿದಾರರು ಕೇಳಿದ್ದು ಸರಿಯಾದ ಅಳತೆ, ಕೈಗೊಂದು ಚೀಟಿ, ದುಡಿದದ್ದಕ್ಕೆ ಕೂಲಿ. ಭೂಮಿಯನ್ನೇ ಕೊಡಿ ಎಂದು ಅವರು ಮೊದಲಿಗೆ ಕೇಳಿರಲಿಲ್ಲ ಎನ್ನುವುದು ನೆನಪಿರಲಿ.

ಸತ್ಯಾಗ್ರಹ ಅಂದ್ರೆ ದಿನಾ ಎಂತ ಮಾಡ್ತಿದ್ರು? ಉಪವಾಸನಾ?

ಉಳುಮೆ! ಒಕ್ಕಲೆಬ್ಬಿಸಿದ ಗದ್ದೆಗೆ ನೇಗಿಲು ತಗೊಂಡು ಇಳಿಯುವುದು, ಪೊಲೀಸರು ಹಿಡಿದರೆ ಎದುರು ಮಾತಾಡದೆ ವ್ಯಾನು ಹತ್ತುವುದು, ಮಾರನೆಯ ದಿನ ಇನ್ನೊಂದು ತಂಡ. 1951ರ ಏಪ್ರಿಲ್ 18ರಂದು ಶುರುವಾಯಿತು. ಬೇಸಾಯ ಶುರುವಾಗುವ ಮುಂಚಿನ ಹೊತ್ತು ಅದು. ಆ ಹೊತ್ತಿನಲ್ಲಿ ಗದ್ದೆಯಿಂದ ಹೊರಗೆ ನಿಲ್ಲಿಸಿದರೆ ಇಡೀ ವರ್ಷ ಹೋದಂತೆ ಎಂದು ಎರಡೂ ಕಡೆಯವರಿಗೆ ಗೊತ್ತಿತ್ತು. ಲಾಠಿ ಏಟು ಬಿತ್ತು, ಜೈಲುಗಳು ತುಂಬಿದವು, ಗಂಡಸರು ಜೈಲಿಗೆ ಹೋದ ಮನೆಗಳನ್ನು ಹೆಂಗಸರು ನಡೆಸಿದರು. ಅದೇ ಕಾಲದಲ್ಲಿ ತೆಲಂಗಾಣದಲ್ಲಿ ರೈತರ ಹೋರಾಟ ಬಂದೂಕು ಹಿಡಿದಿತ್ತು. ಇಲ್ಲಿ ಒಡೆಯರ ಮನೆಗೆ ಕಲ್ಲು ಬೀಳದ ಹಾಗೆ ನೋಡಿಕೊಂಡಿದ್ದು ಹೇಡಿತನದಿಂದಲ್ಲ. ನಾಳೆ ಅದೇ ಕೆರೆಯ ನೀರು ಹಂಚಿಕೊಳ್ಳಬೇಕಾದವರು ಅವರು.

ಲೋಹಿಯಾ ನಮ್ಮ ಸಾಗರಕ್ಕೆ ಬಂದಿದ್ದು ನಿಜವಾ, ಕಟ್ಟುಕತೆಯಾ?

ನಿಜ. 1951ರ ಜೂನ್‌ನಲ್ಲಿ ಬಂದರು, ಕಾಗೋಡಿಗೆ ಹೋಗಿ ಸತ್ಯಾಗ್ರಹ ಮಾಡಿದರು, ಸಾಗರದ ರೈಲು ನಿಲ್ದಾಣದಲ್ಲಿ ಬಂಧನವಾಯಿತು. ಆ ಮೇಲೆ ಕಾಗೋಡಿನ ಹೆಸರು ದೇಶದ ಪತ್ರಿಕೆಗಳಿಗೆ ಹೋಯಿತು. ಶಿವಮೊಗ್ಗದಿಂದ ತಾಳಗುಪ್ಪದ ರೈಲಿನಲ್ಲಿ ಹೋಗುವಾಗ ಮಕ್ಕಳಿಗೆ ಆ ನಿಲ್ದಾಣ ತೋರಿಸಿ ಹೇಳಿ, ಜೋಗ ನೋಡುವ ಗಡಿಬಿಡಿಯಲ್ಲಿ ಎಲ್ಲರೂ ಮರೆಯುತ್ತಾರೆ.

ಎಲ್ಲಾ ಗೋಪಾಲಗೌಡ್ರದ್ದೇ ಅಂತೀರಲ್ಲ, ನಮ್ಮ ಗಣಪತಿಯಪ್ಪನವರ ಹೆಸರು ಯಾಕೆ ಹೇಳಲ್ಲ?

ಹೇಳಲೇಬೇಕು. ಗೇಣಿದಾರರನ್ನು ಮನೆ ಮನೆ ತಿರುಗಿ ಒಟ್ಟು ಮಾಡಿ ಸಾಗರ ತಾಲ್ಲೂಕಿನಲ್ಲಿ ರೈತ ಸಂಘ ಕಟ್ಟಿದವರು ಎಚ್. ಗಣಪತಿಯಪ್ಪನವರು. ಸಮಾಜವಾದಿ ಪಕ್ಷ ಬರುವ ಮುಂಚೆಯೇ ಅಲ್ಲಿ ಸಂಘ ಇತ್ತು. ಗೋಪಾಲಗೌಡರು ಒಕ್ಕಲಿಗರು, ತೀರ್ಥಹಳ್ಳಿ ಸೀಮೆಯವರು. ದೀವರ ಹೋರಾಟಕ್ಕೆ ಹೊರಗಿನಿಂದ ಬಂದು ತಮ್ಮದನ್ನಾಗಿ ಮಾಡಿಕೊಂಡರು. ನನ್ನ ಕಣ್ಣಿಗೆ ಇಬ್ಬರ ದೊಡ್ಡಸ್ತಿಕೆಯೂ ಬೇರೆ ಬೇರೆ ಥರದ್ದು. ಗಣಪತಿಯಪ್ಪನವರಿಗೆ ಆ ಊರಲ್ಲೇ ಬದುಕಬೇಕಿತ್ತು, ದಿನಾ ಆ ಒಡೆಯರ ಮುಖ ನೋಡಬೇಕಿತ್ತು. ಗೋಪಾಲಗೌಡರಿಗೆ ಸುಮ್ಮನಿದ್ದರೂ ಯಾರೂ ಕೇಳುತ್ತಿರಲಿಲ್ಲ, ಆದರೂ ಬಂದರು. ಭಾಷಣದಲ್ಲಿ ಒಬ್ಬರ ಹೆಸರು ಹೇಳಿ ಇನ್ನೊಬ್ಬರನ್ನು ಬಿಡುವುದು ಈಗೀಗ ಜಾತಿ ಲೆಕ್ಕದ ಮೇಲೆ ನಡೆಯುತ್ತಿದೆ. ಬೇಜಾರಿನ ವಿಷಯ.

ಕೊನೆಗೆ ಕಾಗೋಡು ಗೆದ್ದಿತಾ ಸೋತಿತಾ? ಒಂದೇ ಮಾತಲ್ಲಿ ಹೇಳಿ.

ಆ ವರ್ಷ ಸೋತಿತು. ಗೇಣಿದಾರರಿಗೆ ಗದ್ದೆ ಸಿಗಲಿಲ್ಲ, ಕೇಸು ಮೈಮೇಲೆ ಬಿತ್ತು, ಎಷ್ಟೋ ಮನೆಗಳು ಸಾಲದಲ್ಲಿ ಮುಳುಗಿದವು. ಮಾರನೆಯ ವರ್ಷದ ಚುನಾವಣೆಯಲ್ಲಿ ಈ ಒಂದೇ ಸೀಮೆ ಎರಡು ಥರ ತೀರ್ಪು ಕೊಟ್ಟಿತು: ವಿಧಾನಸಭೆಗೆ ಗೋಪಾಲಗೌಡರು, ಲೋಕಸಭೆಗೆ ಕಾಂಗ್ರೆಸ್‌ನಿಂದ ಕೆ.ಜಿ. ಒಡೆಯರ್, ಅಂದರೆ ಯಾರ ಗದ್ದೆಯಲ್ಲಿ ಸತ್ಯಾಗ್ರಹ ನಡೆದಿತ್ತೋ ಆ ಒಡೆಯರು. ಒಂದೇ ಮಾತಲ್ಲಿ ಹೇಳಿ ಅನ್ನುವವರಿಗೆ ನಾನು ಈ ಎರಡು ಹೆಸರು ಹೇಳಿ ಸುಮ್ಮನಾಗುತ್ತೇನೆ. ಗೇಣಿದಾರರ ಕೈಗೆ ಭೂಮಿ ಬಂದಿದ್ದು ಎರಡು ದಶಕ ಕಳೆದ ಮೇಲೆ.

## ಕಾನೂನು, ಹೆಸರು

ನಮ್ಮಜ್ಜ ‘ಡಿಕ್ಲರೇಶನ್ ಹಾಕಿ ಗದ್ದೆ ಮಾಡ್ಕಂಡಿದ್ದು’ ಅಂತಿದ್ರು. ಅದೆಂತದು?

ನಮೂನೆ 7ರ ಅರ್ಜಿ. 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದಿದ್ದು 1965ರಲ್ಲಿ, ಆದರೆ ಅದರಲ್ಲಿ ತೂತುಗಳು ಬಹಳ. ದೇವರಾಜ ಅರಸು ಸರ್ಕಾರ ಅದಕ್ಕೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಅಂದಿನಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು, ಉಳುತ್ತಿದ್ದವರು ನಮೂನೆ 7 ತುಂಬಿ ಭೂನ್ಯಾಯ ಮಂಡಳಿಗೆ ಕೊಡಬೇಕು, ಮಂಡಳಿ ವಿಚಾರಣೆ ಮಾಡಿ ಅಧಿಭೋಗದ ಹಕ್ಕು, ಅಂದರೆ ಆ ಜಮೀನಿನ ಒಡೆತನ, ಕೊಡಬೇಕು. ಅರ್ಜಿ ಹಾಕಲು ಗಡುವು ಮುಂದೂಡುತ್ತಾ ಹೋಗಿ 1979ರ ಜೂನ್ 30ಕ್ಕೆ ನಿಂತಿತು. ಮಂಡಳಿಯ ಮುಂದೆ ವಕೀಲರು ಬರುವಂತಿಲ್ಲ ಎಂದು ಮೊದಲು ನಿಯಮ ಇತ್ತು. ಬಡ ಗೇಣಿದಾರನ ಮಾತು ವಕೀಲರ ಮಾತಿನ ಎದುರು ನಿಲ್ಲುವುದಿಲ್ಲ ಎಂಬ ಕಾರಣಕ್ಕೆ. ಅಜ್ಜಂದಿರು ಹೇಳುವ ‘ಟ್ರಿಬ್ಯುನಲ್’ ಅಂದರೆ ಇದೇ.

ರಸೀದಿಯ ಮಾತು ಇಲ್ಲಿ ಮತ್ತೆ ಬರುತ್ತದೆ. ನೀನು ಗೇಣಿದಾರ ಎನ್ನುವುದಕ್ಕೆ ಏನು ಸಾಕ್ಷಿ ಎಂದು ಮಂಡಳಿ ಕೇಳಿದಾಗ ಚೀಟಿ ಇದ್ದವನು ತೋರಿಸಿದ, ಇಲ್ಲದವನು ನೆರೆಯವರ ಬಾಯಿ ನೋಡಿದ. 1951ರಲ್ಲಿ ಚೀಟಿ ಕೇಳಿದ್ದು ಹಟಕ್ಕಲ್ಲ ಎಂದು ಆಗ ಎಲ್ಲರಿಗೂ ಅರ್ಥವಾಯಿತು.

ಹಾಗಾದ್ರೆ ಭೂಮಿ ಕೊಟ್ಟಿದ್ದು ದೇವರಾಜ ಅರಸು. ಗೋಪಾಲಗೌಡ್ರಿಗೆ ಯಾಕೆ ಹೊಗಳಿಕೆ?

ಕಾನೂನು ಮಾಡಿದ ಶ್ರೇಯ ಅರಸರದು, ಅದರಲ್ಲಿ ಎರಡು ಮಾತಿಲ್ಲ. ಅವರು ಮುಖ್ಯಮಂತ್ರಿಯಾಗಿದ್ದು 1972ರ ಮಾರ್ಚ್‌ನಲ್ಲಿ, ಗೋಪಾಲಗೌಡರು ಹೋಗಿದ್ದು ಮೂರು ತಿಂಗಳೊಳಗೆ. ಇಬ್ಬರೂ 1952ರ ಅದೇ ವಿಧಾನಸಭೆಗೆ ಮೊದಲ ಸಲ ಬಂದವರು, ಎದುರುಬದುರು ಸಾಲಿನಲ್ಲಿ ಕೂತು ಒಬ್ಬರ ಮಾತು ಒಬ್ಬರು ಕೇಳಿದವರು. ‘ಉಳುವವನೇ ಹೊಲದೊಡೆಯ’ ಎಂಬುದು ಸರ್ಕಾರದ ಬಾಯಿಗೆ ಬರುವ ಮುಂಚೆ ಇಪ್ಪತ್ತು ವರ್ಷ ವಿರೋಧ ಪಕ್ಷದವರ ಬಾಯಲ್ಲಿತ್ತು. ಕೂಗಿದವರನ್ನೂ ಮಾಡಿದವರನ್ನೂ ಒಂದೇ ವೇದಿಕೆಯಲ್ಲಿ ನೆನೆದರೆ ಯಾರ ಗಂಟೂ ಹೋಗುವುದಿಲ್ಲ.

ಕಡಿದಾಳ್ ಮಂಜಪ್ಪನವರೂ ತೀರ್ಥಹಳ್ಳಿಯವರೇ. ಇಬ್ಬರಲ್ಲಿ ಯಾರು ದೊಡ್ಡವರು?

ಈ ಜಗಳ ಹೋಟೆಲಿನಲ್ಲಿ ಮಾಡುವಂಥದ್ದು, ನಾನೂ ಮಾಡಿದ್ದೇನೆ. ಮಂಜಪ್ಪನವರು ಕಂದಾಯ ಸಚಿವರಾಗಿ 1950ರ ದಶಕದಲ್ಲೇ ಗೇಣಿದಾರರ ರಕ್ಷಣೆಯ ಕಾನೂನುಗಳಿಗೆ ಕೈ ಹಾಕಿದವರು, 1956ರಲ್ಲಿ ಎರಡೂವರೆ ತಿಂಗಳಷ್ಟು ಕಾಲ ಮುಖ್ಯಮಂತ್ರಿಯಾಗಿದ್ದರು. ಒಂದೇ ತಾಲ್ಲೂಕಿನ ಇಬ್ಬರು, ಎದುರಾಳಿ ಪಕ್ಷಗಳಲ್ಲಿ ನಿಂತು, ಒಂದೇ ಪ್ರಶ್ನೆಯ ಮೇಲೆ ಒಬ್ಬರು ಒಳಗಿನಿಂದ ಒಬ್ಬರು ಹೊರಗಿನಿಂದ ಒತ್ತಿದರು. ತೀರ್ಥಹಳ್ಳಿಗೆ ಆ ಕಾಲದಲ್ಲಿ ಅಂಥ ಭಾಗ್ಯ ಇತ್ತು, ಅಷ್ಟೇ.

ರಾಜ್ಯಕ್ಕೆ ‘ಕರ್ನಾಟಕ’ ಅಂತ ಹೆಸರು ಬಂದಿದ್ದಕ್ಕೂ ಇವರಿಗೂ ಏನು ಸಂಬಂಧ?

ಮೈಸೂರು ರಾಜ್ಯ ಎಂಬ ಹೆಸರು ತೆಗೆದು ಕರ್ನಾಟಕ ಎಂದಿಡಿ, ಆಡಳಿತ ಕನ್ನಡದಲ್ಲಿ ನಡೆಯಲಿ ಎಂದು ಸದನದಲ್ಲಿ ಬಿಡದೆ ಕೇಳಿದವರಲ್ಲಿ ಅವರು ಮುಂಚೂಣಿಯವರು. ಅವರಿಗೆ ಇದೂ ಕೊಳಗದ ಪ್ರಶ್ನೆಯೂ ಒಂದೇ ಆಗಿತ್ತು: ತನ್ನ ವಿರುದ್ಧದ ಆದೇಶವನ್ನೇ ಓದಲಾಗದ ರೈತ ಯಾವ ಕಚೇರಿಯಲ್ಲಿ ನ್ಯಾಯ ಕೇಳಬೇಕು? ಹೆಸರು ಬದಲಾಗಿದ್ದು 1973ರ ನವೆಂಬರ್ 1ರಂದು. ಅದನ್ನೂ ಅವರು ನೋಡಲಿಲ್ಲ.

## ನ್ಯಾಯ, ರಾಜಿ

ಅಲ್ಲ ಮಾರಾಯ್ರೆ, ಹಳೇದನ್ನೆಲ್ಲ ಕೆದಕಿ ಊರಲ್ಲಿ ಮನಸ್ತಾಪ ಯಾಕೆ? ಈಗ ಎಲ್ಲರೂ ಚೆನ್ನಾಗೇ ಇದ್ದೀವಲ್ಲ.

ಚೆನ್ನಾಗಿರುವುದು ನಿಜ. ಒಡೆಯರ ಮನೆಯವರೂ ಒಕ್ಕಲ ಮನೆಯವರೂ ಒಂದೇ ಸಹಕಾರ ಸಂಘದಲ್ಲಿ ಸಾಲ ಮಾಡುತ್ತಾರೆ, ಒಂದೇ ಶಾಲೆಗೆ ಮಕ್ಕಳನ್ನು ಕಳಿಸುತ್ತಾರೆ, ಕೊಳೆರೋಗ ಬಂದರೆ ಇಬ್ಬರ ಅಡಿಕೆಯೂ ಉದುರುತ್ತದೆ. ಆದರೆ ಈ ಚೆನ್ನಾಗಿರುವಿಕೆ ಯಾವಾಗ ಬಂತು ಎನ್ನುವುದನ್ನು ನೋಡಿ. 1951ರ ಮುಂಚೆಯೂ ಊರಿನ ಹಿರಿಯರು ‘ಹೊಂದಿಕೊಂಡು ಹೋಗಿ’ ಎಂದೇ ಹೇಳುತ್ತಿದ್ದರು. ಆಗ ಹೊಂದಿಕೊಳ್ಳುವುದು ಎಂದರೆ ದೊಡ್ಡ ಕೊಳಗಕ್ಕೆ ಹೊಂದಿಕೊಳ್ಳುವುದು. ಪಹಣಿಯಲ್ಲಿ ಹೆಸರು ಕೂತ ಮೇಲೆ, ಎದುರಿಗೆ ನಿಂತು ಮಾತಾಡುವ ಧೈರ್ಯ ಬಂದ ಮೇಲೆ, ಅದೇ ‘ಹೊಂದಾಣಿಕೆ’ಗೆ ಬೇರೆ ಅರ್ಥ ಬಂತು. ಒಡೆಯರ ಮನೆಗೆ ಹಿತ್ತಲ ಬಾಗಿಲಿಂದ ಹೋಗುತ್ತಿದ್ದವನು ಜಗುಲಿಗೆ ಬಂದು ಕೂತ.

ಮಲೆನಾಡಿನ ರಾಜಿ ಅಳತೆ ಸರಿಯಾದ ಮೇಲೆ ಆದ ರಾಜಿ. ನನಗೆ ಗೋಪಾಲಗೌಡರ ಬಗ್ಗೆ ಹೇಳಲು ಇರುವುದರಲ್ಲಿ ಇದೇ ಮುಖ್ಯ. ಯಾರಾದರೂ ಅಳತೆಯ ಮಾತು ಎತ್ತದೆ ರಾಜಿಯ ಮಾತು ಮಾತ್ರ ಎತ್ತಿದರೆ ನನಗೆ ಅನುಮಾನ ಬರುತ್ತದೆ. ಮನಸ್ತಾಪ ಆಗುವುದು ಕತೆ ಹೇಳಿದ್ದಕ್ಕಲ್ಲ, ಹೇಳುವಾಗ ಇವತ್ತಿನ ಮಕ್ಕಳನ್ನು ಅವತ್ತಿನವರ ಜಾಗದಲ್ಲಿ ನಿಲ್ಲಿಸಿದರೆ ಆಗುತ್ತದೆ. ಅಷ್ಟು ಎಚ್ಚರ ಇದ್ದರೆ ಸಾಕು.

ನಮ್ಮ ಮನೆ ಭೂಮಿ ಹೋಗಿದ್ದೇ ಈ ಹೋರಾಟದಿಂದ. ಅಜ್ಜಿ ವಿಧವೆ, ಇದ್ದದ್ದು ಎರಡೆಕರೆ ಗೇಣಿಗೆ ಕೊಟ್ಟಿದ್ದು. ನಾವೂ ಬಂದು ಹಾರ ಹಾಕಬೇಕಾ?

ಬೇಡ, ಹಾರ ಯಾರ ಮೇಲೂ ಕಡ್ಡಾಯವಲ್ಲ. ಆದರೆ ಬಂದು ಈ ಮಾತನ್ನು ಹೇಳಿ ಎಂದು ಕೇಳಿಕೊಳ್ಳುತ್ತೇನೆ.

ಗೇಣಿಗೆ ಕೊಟ್ಟವರೆಲ್ಲ ದೊಡ್ಡ ಒಡೆಯರಾಗಿರಲಿಲ್ಲ. ಉಳಲು ಗಂಡಸರಿಲ್ಲದ ಮನೆಗಳು, ಪೂಜೆಯ ಮೇಲೆ ಬದುಕಿದ ಬಡ ಬ್ರಾಹ್ಮಣರು, ಬೇರೆ ಊರಿನಲ್ಲಿ ಸಣ್ಣ ನೌಕರಿಗೆ ಹೋದವರು, ಇಂಥವರ ತುಂಡು ಜಮೀನೂ ದೊಡ್ಡ ಹಿಡುವಳಿಯ ಜೊತೆ ಒಂದೇ ಕಾನೂನಿನಡಿ ಹೋಯಿತು. ಸಿಕ್ಕ ಪರಿಹಾರ ಬಾಯಿಗೆ ಬಿದ್ದ ಕಡಲೆಯಷ್ಟು, ಅದೂ ಕಂತಿನಲ್ಲಿ. ಎಷ್ಟೋ ಮನೆಗಳಲ್ಲಿ ಒಕ್ಕಲಿನವನೂ ಕಣ್ಣೀರು ಹಾಕಿಕೊಂಡೇ ಅರ್ಜಿ ಕೊಟ್ಟ, ಕೆಲವರು ಅರ್ಜಿ ಹಾಕಲೇ ಇಲ್ಲ, ಕೆಲವರು ಗೆದ್ದ ಮೇಲೂ ಹಬ್ಬಕ್ಕೆ ಅಕ್ಕಿ ಬಾಳೆಕಾಯಿ ತಂದು ಒಡತಿ ಅಮ್ಮನ ಮುಂದೆ ಇಟ್ಟು ಹೋದರು. ಇದೆಲ್ಲ ಸಭೆಯಲ್ಲಿ ಬರುವುದಿಲ್ಲ, ಚಪ್ಪಾಳೆಗೆ ಅಡ್ಡಿ ಎಂದು.

ನನ್ನ ಅಭಿಪ್ರಾಯ ಕೇಳಿದರೆ: ಆ ಕಾನೂನು ಬೇಕಿತ್ತು. ಮಲೆನಾಡಿನ ಲಕ್ಷಾಂತರ ಜನ ತಲೆ ಎತ್ತಿದ್ದು ಅದರಿಂದ. ಹಾಗೆಂದು ನಿಮ್ಮ ಅಜ್ಜಿಗೆ ಆದದ್ದು ನ್ಯಾಯ ಎಂದು ನಾನು ಹೇಳಲಾರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ಕಷ್ಟ, ಆದರೆ ಎರಡೂ ನಡೆದಿವೆ. ಗೋಪಾಲಗೌಡರ ಹೆಸರಿನ ಸಭೆಯಲ್ಲಿ ಭೂಮಿ ಕಳಕೊಂಡ ಮನೆಯವರೂ ಎದ್ದು ನಿಂತು ಮಾತಾಡಿದ ದಿನ ಆ ಸಭೆಗೆ ತೂಕ ಬರುತ್ತದೆ.

ಗೇಣಿದಾರರಿಗೆ ಸಿಕ್ತು, ಒಪ್ಪಿದೆ. ಕೂಲಿಯವರಿಗೆ, ನಮ್ಮ ಕೇರಿಯವರಿಗೆ ಎಂತ ಸಿಕ್ತು?

ಬಹಳ ಕಡಿಮೆ. ಕಾನೂನು ಗೇಣಿದಾರನನ್ನು ಗುರುತಿಸಿತು, ಕೂಲಿಗೆ ಉತ್ತವನನ್ನು ಗುರುತಿಸಲಿಲ್ಲ. ಮಲೆನಾಡಿನಲ್ಲಿ ದಲಿತರು ಬಹುಪಾಲು ಕೂಲಿಯವರೇ. ಗೇಣಿಗೆ ಹಿಡಿಯುವಷ್ಟು ಎತ್ತು, ಬೀಜ, ನೇಗಿಲು ಅವರಲ್ಲಿ ಇರಲಿಲ್ಲ. ಹಾಗಾಗಿ ನೆಲ ಮೇಲಿನವರಿಂದ ನಡುವಿನವರಿಗೆ ಬಂತು, ಅಲ್ಲಿಗೇ ನಿಂತಿತು. ಎಷ್ಟೋ ಕಡೆ ನಿನ್ನೆಯ ಗೇಣಿದಾರನೇ ಇವತ್ತಿನ ಒಡೆಯನಾಗಿ ಕೂಲಿಯಲ್ಲಿ ಚೌಕಾಶಿ ಮಾಡಿದ. ಇದೇ ಜಿಲ್ಲೆಯ ಭದ್ರಾವತಿಯಲ್ಲಿ ಅಧ್ಯಾಪಕರಾಗಿದ್ದ ಬಿ. ಕೃಷ್ಣಪ್ಪನವರು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದ್ದಕ್ಕೆ ಹಿನ್ನೆಲೆ ಇದು. ಗೋಪಾಲಗೌಡರನ್ನು ನೆನೆಯುವವರು ಕೃಷ್ಣಪ್ಪನವರ ಹೆಸರು ಬಂದಾಗ ಮುಖ ತಿರುಗಿಸಬಾರದು. ಅರ್ಧಕ್ಕೆ ನಿಂತ ಕೆಲಸದ ಮುಂದಿನ ಭಾಗ ಅಲ್ಲಿದೆ.

ಈಗ ಯಾರ ಕೊಳಗ? ಇವತ್ತಿಗೆ ಇದೆಲ್ಲ ಎಂತಕ್ಕೆ ಬೇಕು?

ಶರಾವತಿ ಮುಳುಗಡೆಯವರನ್ನು ಕೇಳಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು, ನಾಡಿಗೆಲ್ಲ ದೀಪ ಬಂತು, ಊರು ಬಿಟ್ಟು ಕಾಡಂಚಿಗೆ ಬಂದು ಕೂತ ಎಷ್ಟೋ ಮನೆಗಳಿಗೆ ಮೂರನೇ ತಲೆಮಾರು ಬಂದರೂ ಕೂತ ಜಾಗದ ಹಕ್ಕುಪತ್ರ ಇಲ್ಲ. ಬಗರ್‌ಹುಕುಂ ಅರ್ಜಿ, ಅಂದರೆ ಅನುಮತಿ ಇಲ್ಲದೆ ಸಾಗುವಳಿ ಮಾಡಿದ ಸರ್ಕಾರಿ ಜಮೀನನ್ನು ಸಕ್ರಮ ಮಾಡಿ ಎಂಬ ಅರ್ಜಿ, ಹಿಡಿದು ತಾಲ್ಲೂಕು ಕಚೇರಿ ಮೆಟ್ಟಿಲಲ್ಲಿ ಕೂತವರನ್ನು ಕೇಳಿ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದವರು ಮೂರು ತಲೆಮಾರಿನ, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷಿ ಕೊಡಬೇಕು. ಮಳೆಗೆ ಸೋರುವ ಮನೆಯಲ್ಲಿ 75 ವರ್ಷದ ಕಾಗದ ಯಾರಲ್ಲಿ ಉಳಿದಿರುತ್ತದೆ? ಮತ್ತೆ ಅದೇ ರಸೀದಿಯ ಪ್ರಶ್ನೆ.

ಇನ್ನೊಂದು ಕಡೆ 2020ರ ತಿದ್ದುಪಡಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿತು. ಕೃಷಿಕರಲ್ಲದವರೂ ಈಗ ಕೃಷಿಭೂಮಿ ಕೊಳ್ಳಬಹುದು. ಒಳ್ಳೆಯ ಬೆಲೆ ಬಂತು ಎಂದು ಮಾರಿದವರೂ ನಮ್ಮವರೇ, ಆದ್ದರಿಂದ ಬರೀ ಸರ್ಕಾರವನ್ನು ಬೈದರೆ ಆಗುವುದಿಲ್ಲ. ಆದರೆ ಟ್ರಿಬ್ಯುನಲ್‌ನಲ್ಲಿ ಬಂದ ಗದ್ದೆ ಹೋಂಸ್ಟೇಗೆ ಹೋಗುವುದನ್ನು ನೋಡುವಾಗ, ಅದರಲ್ಲಿ ನೇಗಿಲು ಹೂಡಿ ಜೈಲಿಗೆ ಹೋದವರು ಇದ್ದಿದ್ದರೆ ಏನನ್ನುತ್ತಿದ್ದರು ಎಂದು ಅನ್ನಿಸದೆ ಇರುವುದಿಲ್ಲ.

ಒಳ್ಳೆಯ ಉದಾಹರಣೆಯೂ ಒಂದಿದೆ. ಕಾಗೋಡು ತಿಮ್ಮಪ್ಪನವರು ಕಂದಾಯ ಸಚಿವರಾಗಿದ್ದಾಗ ಹಾಡಿ, ಹಟ್ಟಿ, ತಾಂಡಾಗಳಲ್ಲಿ ಇನ್ನೊಬ್ಬರ ನೆಲದಲ್ಲಿ ಮನೆ ಕಟ್ಟಿಕೊಂಡವರಿಗೆ ‘ವಾಸಿಸುವವನೇ ಮನೆಯೊಡೆಯ’ ಎಂದು ಹಕ್ಕು ಕೊಡಲು ಅದೇ ಕಾಯ್ದೆಗೆ ಕಲಂ ಸೇರಿತು. ಕಾಗೋಡಿನಲ್ಲಿ ಬೆಳೆದವರಿಗೆ ಮಾತ್ರ ಹೊಳೆಯುವಂಥದ್ದು ಅದು ಎಂದು ನನಗನ್ನಿಸುತ್ತದೆ.

## ನೆನಪಿನ ಕೆಲಸ

ಮಾರ್ಚ್ 14 ಅಂದ್ರೆ ಪರೀಕ್ಷೆ ಟೈಮು, ಜೂನ್ 9 ಅಂದ್ರೆ ಮಳೆ. ಶಾಲೇಲಿ ಯಾವಾಗ ಏನು ಮಾಡೋದು?

ದಿನಕ್ಕೆ ಅಂಟಿಕೊಳ್ಳಬೇಡಿ, ನವೆಂಬರ್‌ನಲ್ಲಿ ಹೇಗೂ ರಾಜ್ಯೋತ್ಸವ ಇರುತ್ತದಲ್ಲ, ಆಗ ಮಾಡಿ. ಭಾಷಣ ಸ್ಪರ್ಧೆ ಬಿಡಿ; ಅದು ಅಪ್ಪ ಅಮ್ಮ ಬರೆದುಕೊಟ್ಟು ಮಕ್ಕಳು ಉರುಹೊಡೆಯುವ ಸ್ಪರ್ಧೆ. ಊರಿನ ಯಾವುದಾದರೂ ಅಟ್ಟದಲ್ಲಿ ಹಳೆಯ ಕೊಳಗ, ಸೇರು ಇನ್ನೂ ಇವೆ. ಎರಡು ಮನೆಯವು ತರಿಸಿ, ಐದಾರು ಕೆ.ಜಿ. ಭತ್ತ ತರಿಸಿ, ಮಕ್ಕಳ ಕೈಲೇ ಅಳೆಸಿ. ಒಂದು ಕೊಳಗಕ್ಕೆ ಎಷ್ಟು ಸೇರು ಹಿಡಿಯುತ್ತದೆ, ಕೈ ಎಳೆದರೆ ಎಷ್ಟು, ರಾಶಿ ಏರಿಸಿದರೆ ಎಷ್ಟು ಎಂದು ಬೋರ್ಡಿನ ಮೇಲೆ ಬರೆಸಿ. ಎರಡು ಕೊಳಗದ ಲೆಕ್ಕ ಒಂದೇ ಬರುವುದಿಲ್ಲ. ಅಲ್ಲಿಂದ ಮುಂದೆ ಪಾಠ ಮಕ್ಕಳೇ ಮಾಡುತ್ತಾರೆ.

ಊರಿನವರೆಲ್ಲ ಸೇರಿ ಪ್ರತಿಮೆ ಮಾಡಿಸೋಣ ಅಂತಿದ್ದೀವಿ. ನಿಮ್ಮ ಸಲಹೆ?

ಹಣ ಕೂಡಿದ್ದರೆ ಗ್ರಂಥಾಲಯಕ್ಕೆ ಹಾಕಿ. ಅವರು ಓದುವವರು, ಗೋಪಾಲಕೃಷ್ಣ ಅಡಿಗರ ಕಾವ್ಯದ ಅಭಿಮಾನಿ, ಮಲೆನಾಡಿನ ಒಂದು ತಲೆಮಾರಿನ ಬರಹಗಾರರೆಲ್ಲ ಅವರ ಸುತ್ತ ಕೂತು ಜಗಳವಾಡಿದವರು. ಅವರ ಸದನದ ಭಾಷಣಗಳನ್ನು ನಾಲ್ಕು ಮಕ್ಕಳು ಓದುವ ಹಾಗೆ ಮಾಡಿದರೆ ಆಯಿತು. ಪ್ರತಿಮೆಯೇ ಬೇಕೆಂದು ಎಲ್ಲರೂ ಒಪ್ಪಿದ್ದರೆ ನಾನು ಅಡ್ಡ ಬರುವುದಿಲ್ಲ, ಆದರೆ ಪಾಚಿ ಉಜ್ಜಲು ಪ್ರತಿ ಮಳೆಗಾಲ ಯಾರು ಬರುತ್ತಾರೆ ಎಂದು ಈಗಲೇ ಗೊತ್ತು ಮಾಡಿಕೊಳ್ಳಿ.

ಮನೇಲಿ ಗೇಣಿ ಚೀಟಿ, ನಮೂನೆ 7, ಟ್ರಿಬ್ಯುನಲ್ ಆದೇಶ ಎಲ್ಲ ಇದೆ. ಬೂಷ್ಟು ಹಿಡೀತಿದೆ. ಏನು ಮಾಡ್ಲಿ?

ಇವತ್ತೇ ಫೋಟೊ ತೆಗೆಯಿರಿ, ಎರಡೂ ಬದಿ, ಹಗಲು ಬೆಳಕಿನಲ್ಲಿ. ಹಿಂಬದಿಯಲ್ಲಿ ಪೆನ್ಸಿಲ್ ಲೆಕ್ಕ ಇದ್ದರೆ ಅದನ್ನೂ ಬಿಡಬೇಡಿ, ಎಷ್ಟೋ ಸಲ ನಿಜವಾದ ಅಳತೆ ಇರುವುದು ಅಲ್ಲೇ. ಒದ್ದೆ ಕಾಗದವನ್ನು ಒಲೆಯ ಮೇಲೆ ಹಿಡಿಯಬೇಡಿ, ನೆರಳಿನ ಗಾಳಿಯಲ್ಲಿ ಒಣಗಿಸಿ. ಲ್ಯಾಮಿನೇಶನ್ ಬೇಡವೇ ಬೇಡ. ಒಳಗೆ ತೇವ ಉಳಿದರೆ ಕಾಗದ ಕೊಳೆಯುತ್ತದೆ, ತೆಗೆಯಲೂ ಬರುವುದಿಲ್ಲ. ಒಣಗಿದ್ದನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿ, ಗೋಡೆಗೆ ತಾಗದ ಹಾಗೆ ಮೇಲೆ ಇಡಿ, ಒರಲೆ ಗೋಡೆ ಹಿಡಿದೇ ಬರುವುದು. ಸರ್ವೆ ನಂಬರಿನ ವ್ಯಾಜ್ಯ ಇನ್ನೂ ನಡೆಯುತ್ತಿದ್ದರೆ ಮೂಲ ಪ್ರತಿ ಯಾರ ಕೈಗೂ ಕೊಡಬೇಡಿ, ಪ್ರದರ್ಶನಕ್ಕೆ ಕೇಳುವ ನಮ್ಮಂಥವರಿಗೂ.

ನಮ್ಮೂರಲ್ಲಿ ಆ ಕಾಲ ಕಂಡ ಒಬ್ಬ ಅಜ್ಜಿ ಇದ್ದಾರೆ. ಮಾತಾಡಿಸಿ ರೆಕಾರ್ಡ್ ಮಾಡ್ಬೇಕು. ಎಲ್ಲಿಂದ ಶುರು ಮಾಡ್ಲಿ?

‘ಸತ್ಯಾಗ್ರಹದ ಬಗ್ಗೆ ಹೇಳಿ ಅಜ್ಜಿ’ ಅಂದರೆ ‘ಎಂತ ಹೇಳೂದು ಮಗಾ, ನಂಗೆಂತ ಗೊತ್ತು’ ಎಂಬಲ್ಲಿಗೆ ಮುಗಿಯಿತು. ಆ ವರ್ಷ ಮನೆಯಲ್ಲಿ ಎಂತ ಉಣ್ಣುತ್ತಿದ್ದಿರಿ, ಯಜಮಾನರು ಜೈಲಿಗೆ ಹೋದಾಗ ದನ ನೋಡಿಕೊಂಡವರು ಯಾರು, ಬಾಣಂತಿ ಇದ್ದಳಾ ಮನೇಲಿ ಎಂದು ಕೇಳಿ. ಮೊದಲ ದಿನ ಫೋನು ತೆಗೆಯಲೇಬೇಡಿ. ಎರಡನೇ ಸಲ ಹೋಗುವಾಗ ಮಗಳೋ ಸೊಸೆಯೋ ಜೊತೆಗಿರಲಿ, ಅವರೇ ಮರೆತ ಹೆಸರು ಎತ್ತಿಕೊಡುತ್ತಾರೆ. ರೆಕಾರ್ಡ್ ಮಾಡುವ ಮುಂಚೆ ಕೇಳಿ, ಮಾಡಿದ ಮೇಲೆ ಕೇಳಿಸಿ. ‘ಇದು ಬ್ಯಾಡ’ ಎಂದು ಅವರು ಹೇಳಿದ ಭಾಗವನ್ನು ಅವರ ಎದುರಿಗೇ ಅಳಿಸಿ. ಒಡೆಯರ ಮನೆಯಲ್ಲೂ ಒಬ್ಬ ಅಜ್ಜಿ ಇದ್ದರೆ ಅಲ್ಲಿಗೂ ಹೋಗಿ, ಇದೇ ಪ್ರಶ್ನೆಗಳನ್ನೇ ಕೇಳಿ. ಇವರು ಹೇಳಿದ್ದನ್ನು ಅಲ್ಲಿ, ಅವರು ಹೇಳಿದ್ದನ್ನು ಇಲ್ಲಿ ಹೇಳಬೇಡಿ.